ಬಾಚಣಿಗೆ ಕೈಕೊಟ್ಟಿತು, ಮೇಣದಬತ್ತಿ ಗೊಂದಲ ಮಾಡಿತು: ಕರಾವಳಿಯ ಮಳೆಗಾಲಕ್ಕೆ ಹೊಂದುವ ವಿಜ್ಞಾನ ಪ್ರಯೋಗಗಳು ಯಾವುವು?

ಮಲ್ಪೆ ಟೀಚರ್ · ಜೂನ್ 16

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷ ಬಯಲುಸೀಮೆಯಲ್ಲಿ ಪಾಠ ಮಾಡಿ ಈ ವರ್ಷ ಉಡುಪಿ ಜಿಲ್ಲೆಗೆ ವರ್ಗವಾಗಿ ಬಂದಿದ್ದೇನೆ. ಮಲ್ಪೆಗೆ ಸಮೀಪದ ಒಂದು ಪ್ರೌಢಶಾಲೆಯಲ್ಲಿ ಎಂಟರಿಂದ ಹತ್ತನೆಯ ತರಗತಿಯವರೆಗಿನ ವಿಜ್ಞಾನ ನನ್ನ ಪಾಲಿಗೆ ಬಂದಿದೆ. ಒಂಬತ್ತನೆಯ ತರಗತಿಯಲ್ಲಿ 46 ಮಕ್ಕಳಿದ್ದಾರೆ. ಒಂದು ಅವಧಿ 40 ನಿಮಿಷ. ಪ್ರಯೋಗಾಲಯ ಎಂದರೆ ಒಂದು ಮರದ ಕಪಾಟು. ಅದರ ಬೀಗದ ಕೈ ಯಾರ ಬಳಿ ಇದೆ ಎಂದು ತಿಳಿಯುವುದಕ್ಕೇ ಒಂದು ವಾರ ಹಿಡಿಯಿತು. ತೆರೆದಾಗ ಮುಚ್ಚಳ ಕಚ್ಚಿಕೊಂಡ ಬಾಟಲಿಗಳು, ಬೂಸ್ಟು ಹಿಡಿದ ಮಸೂರಗಳು, ತುಕ್ಕು ಉದುರುವ ಸ್ಟ್ಯಾಂಡುಗಳು ಮತ್ತು ಯಾರೂ ಮುಟ್ಟದ ಐದು ಅಳತೆ ಜಾಡಿಗಳು ಸಿಕ್ಕಿದವು.

ಕೈಗೆ ಸಿಗುವ ವಸ್ತುಗಳಿಂದಲೇ ಪಾಠ ಮಾಡೋಣ ಎಂದು ಹೊರಟು ಒಂದೇ ವಾರದಲ್ಲಿ ಎರಡು ಬಾರಿ ಎಡವಿದ್ದೇನೆ. ಎಂಟನೆಯ ತರಗತಿಯಲ್ಲಿ ಬಾಚಣಿಗೆಯನ್ನು ಒಣ ಕೂದಲಿಗೆ ಉಜ್ಜಿ ಕಾಗದದ ಚೂರುಗಳ ಹತ್ತಿರ ಹಿಡಿದೆ. ನನ್ನ ಹಿಂದಿನ ಶಾಲೆಯಲ್ಲಿ ಒಮ್ಮೆಯೂ ತಪ್ಪದ ಪ್ರಯೋಗವದು. ಇಲ್ಲಿ ಒಂದು ಚೂರೂ ಅಲ್ಲಾಡಲಿಲ್ಲ. ಮಕ್ಕಳು ನನ್ನನ್ನು ಕರುಣೆಯಿಂದ ನೋಡಿದರು. ಮರುದಿನ ಒಂಬತ್ತನೆಯ ತರಗತಿಯಲ್ಲಿ ತಟ್ಟೆಯ ನೀರಿನಲ್ಲಿ ಮೇಣದಬತ್ತಿ ಹಚ್ಚಿಟ್ಟು ಲೋಟ ಕವುಚಿ, ನೀರು ಮೇಲೇರಿದ್ದನ್ನು ತೋರಿಸಿ, ಗಾಳಿಯ ಐದನೆಯ ಒಂದು ಭಾಗ ಆಮ್ಲಜನಕವೆಂಬುದಕ್ಕೆ ಇದೇ ಪುರಾವೆ ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದು ಎರಡು ಬತ್ತಿ ಇಟ್ಟು ಅದನ್ನೇ ಮಾಡಿದ. ನೀರು ಮೊದಲಿಗಿಂತ ಎತ್ತರಕ್ಕೆ ಏರಿತು. “ಟೀಚರ್, ಎರಡು ಕ್ಯಾಂಡಲ್ ಇಟ್ರೆ ಆಕ್ಸಿಜನ್ ಜಾಸ್ತಿ ಆಗ್ತದಾ?” ಎಂದು ಕೇಳಿದ. ಅಷ್ಟರಲ್ಲಿ ಗಂಟೆ ಹೊಡೆಯಿತು. ಹೊಡೆಯದಿದ್ದರೂ ನನ್ನಲ್ಲಿ ಉತ್ತರವಿರಲಿಲ್ಲ.

ಈ ಎರಡರಲ್ಲೂ ನಾನು ತಪ್ಪಿದ್ದೆಲ್ಲಿ? ಇಲ್ಲಿನ ಹವೆಗೆ ಹೊಂದುವ, ಖರ್ಚಿಲ್ಲದ ಪ್ರಯೋಗಗಳು ಯಾವುವು? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಕಾರ್ಕಳದ ನಿವೃತ್ತ ಮಾಷ್ಟ್ರು · ಜೂನ್ 16

ಟೀಚರ್, ಬಾಚಣಿಗೆಯ ವಿಷಯದಲ್ಲಿ ನಿಮ್ಮ ತಪ್ಪೇನೂ ಇಲ್ಲ. ತಪ್ಪು ಜೂನ್ ತಿಂಗಳದ್ದು. ಗಾಳಿ ಇಷ್ಟು ತೇವವಾಗಿರುವಾಗ ಬಾಚಣಿಗೆ, ಕೂದಲು, ಕಾಗದ ಎಲ್ಲದರ ಮೇಲೂ ಕಣ್ಣಿಗೆ ಕಾಣದ ನೀರಿನ ಪದರ ಕೂತಿರುತ್ತದೆ, ಉಜ್ಜಿದಾಗ ಹುಟ್ಟಿದ ವಿದ್ಯುತ್ ಆವೇಶ ಆ ಪದರದ ಮೂಲಕ ಆಗಲೇ ಸೋರಿಹೋಗುತ್ತದೆ. ಡಿಸೆಂಬರ್ ಕೊನೆಯಲ್ಲೋ ಜನವರಿಯಲ್ಲೋ, ಮೂಡುಗಾಳಿ ಬೀಸಿ ತುಟಿ ಒಡೆಯುವ ದಿನಗಳಲ್ಲಿ ಇದೇ ಬಾಚಣಿಗೆಯನ್ನು ತೆಗೆಯಿರಿ, ಚೂರುಗಳು ಹಾರಿ ಬಂದು ಅಂಟುತ್ತವೆ. ಜೂನ್‌ನ ಸೋಲನ್ನು ಮಕ್ಕಳು ದಿನಾಂಕ ಸಹಿತ ಬರೆದಿಟ್ಟುಕೊಳ್ಳಲಿ. ಜನವರಿಯಲ್ಲಿ ಆ ಪುಟವನ್ನೇ ತೆರೆದು ಪಾಠ ಮುಂದುವರಿಸಬಹುದು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪುಸ್ತಕದ ಕ್ರಮವನ್ನೇ ಹಿಡಿದುಕೊಂಡು ಹೋಗಿ ಇಂಥ ಪೆಟ್ಟುಗಳನ್ನು ಬೇಕಾದಷ್ಟು ತಿಂದಿದ್ದೇನೆ. ಆಮೇಲೆ ಪಾಠದ ಕ್ರಮ ಹೇಗೇ ಇರಲಿ, ಪ್ರಯೋಗದ ಕ್ರಮವನ್ನು ಆಕಾಶ ನೋಡಿ ಹಾಕಿಕೊಂಡೆ. ತುಕ್ಕು, ಬೂಸ್ಟು, ಮೊಳಕೆ, ಆಮ್ಲ–ಪ್ರತ್ಯಾಮ್ಲ, ಸಾಂದ್ರತೆ ಇವೆಲ್ಲ ಮಳೆಗಾಲಕ್ಕೆ. ಎಲೆಯಲ್ಲಿ ಪಿಷ್ಟ ಪರೀಕ್ಷಿಸುವುದಕ್ಕೆ ನಾಲ್ಕು ದಿನ ಒಳ್ಳೆಯ ಬಿಸಿಲು ಬೇಕು. ಆಷಾಢದ ಮೋಡದಡಿ ಬೆಳೆದ ಎಲೆಗೆ ಅಯೋಡಿನ್ ಹಾಕಿದರೆ ಬಣ್ಣ ಮಂಕಾಗಿ, ಇದೆಯೋ ಇಲ್ಲವೋ ಎಂಬ ವಾದವೇ ಆಗುತ್ತದೆ. ಅದು ನವರಾತ್ರಿ ಕಳೆದ ಮೇಲೆ. ಎಲೆಯ ಹಸಿರು ತೆಗೆಯಲು ಬಳಸುವ ಸ್ಪಿರಿಟ್ಟನ್ನು ಮಾತ್ರ ಎಂದೂ ನೇರ ಉರಿಯ ಮೇಲೆ ಕಾಯಿಸಬೇಡಿ. ಬಿಸಿನೀರಿನ ಪಾತ್ರೆಯೊಳಗೆ ಪ್ರನಾಳವನ್ನು ಇಟ್ಟು, ಒಲೆ ಆರಿಸಿದ ಮೇಲೆಯೇ ಮಕ್ಕಳನ್ನು ಹತ್ತಿರ ಬರಗೊಡಿ.

ಸೂರ್ಯನ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ದುರದೃಷ್ಟವಿದೆ. ಉಡುಪಿಯಲ್ಲಿ ನಡು ಮಧ್ಯಾಹ್ನ ನೆರಳು ಮಾಯವಾಗುವುದು ಏಪ್ರಿಲ್ 25ರ ಸುಮಾರಿಗೆ ಮತ್ತು ಆಗಸ್ಟ್ 17ರ ಸುಮಾರಿಗೆ. ಮೊದಲನೆಯದಕ್ಕೆ ಬೇಸಗೆ ರಜೆ, ಎರಡನೆಯದಕ್ಕೆ ಮೋಡ. ಹಾಗಾಗಿ ನಾನು ಡಿಸೆಂಬರ್ 22ನ್ನು ಹಿಡಿದುಕೊಂಡೆ. ಅಂದು ಸುಮಾರು 12 ಗಂಟೆ 29 ನಿಮಿಷಕ್ಕೆ ಒಂದು ಮೀಟರ್ ಕೋಲಿನ ನೆರಳು ಉಡುಪಿಯಲ್ಲಿ 75 ಸೆಂ.ಮೀ. ಬೀಳುತ್ತದೆ. ಬೀದರಿನಲ್ಲಿ ಅಂದಿನ ಅತಿ ಗಿಡ್ಡ ನೆರಳು 88 ಸೆಂ.ಮೀ. ಕಾಗದದ ಮೇಲೆ ತ್ರಿಭುಜ ಬರೆದು ಕೋನಮಾಪಕದಿಂದ ಅಳೆದರೆ ಎರಡು ಊರುಗಳ ಕೋನದಲ್ಲಿ ಸುಮಾರು 4.6 ಡಿಗ್ರಿ ವ್ಯತ್ಯಾಸ. ಉತ್ತರ–ದಕ್ಷಿಣವಾಗಿ ಅಂತರ ಸುಮಾರು 510 ಕಿ.ಮೀ. ಉಳಿದದ್ದು ಬರೇ ಗುಣಾಕಾರ, ಭಾಗಾಕಾರ: 510ನ್ನು 4.6ರಿಂದ ಭಾಗಿಸಿ ಪೂರ್ಣ ಸುತ್ತಿನ 360 ಡಿಗ್ರಿಯಿಂದ ಗುಣಿಸಿದರೆ ಭೂಮಿಯ ಸುತ್ತಳತೆ 40 ಸಾವಿರ ಕಿ.ಮೀ.ಗೆ ಬಹಳ ಹತ್ತಿರ ಬರುತ್ತದೆ. ಬೀದರಿನ ಯಾವುದಾದರೂ ಶಾಲೆಯ ಶಿಕ್ಷಕರೊಬ್ಬರ ಫೋನ್ ನಂಬರ್ ಇದ್ದರೆ ಸಾಕು, ಬೇರೆ ಖರ್ಚಿಲ್ಲ.

ಮೇಣದಬತ್ತಿಯ ವಿಚಾರವನ್ನು ರಸಾಯನಶಾಸ್ತ್ರದವರು ಹೇಳಲಿ.

ಮಂಗಳೂರಿನ ಪಿಯು ಉಪನ್ಯಾಸಕ · ಜೂನ್ 17

ನಿಮ್ಮ ಹಿಂದಿನ ಬೆಂಚಿನ ಹುಡುಗನಿಗೆ ನನ್ನ ನಮಸ್ಕಾರ ತಿಳಿಸಿ. ಈ ಪ್ರಯೋಗವನ್ನು ತಲೆಮಾರುಗಳಿಂದ ತಪ್ಪಾಗಿಯೇ ಕಲಿಸುತ್ತಿದ್ದೇವೆ, ನಾನೂ ಹಾಗೆಯೇ ಕಲಿತು ಬಂದವನು. ಬತ್ತಿ ಉರಿಯುವುದಕ್ಕೆ ಆಮ್ಲಜನಕ ಬೇಕು, ಗಾಳಿಯಲ್ಲಿ ಗಾತ್ರದ ಲೆಕ್ಕದಲ್ಲಿ ಅದು ಶೇಕಡಾ 21ರಷ್ಟಿದೆ, ಇವೆರಡೂ ನಿಜ. ಆದರೆ ಆಮ್ಲಜನಕ ಪೂರ್ತಿ ಮುಗಿಯುವವರೆಗೆ ಬತ್ತಿ ಉರಿಯುವುದಿಲ್ಲ. ಪ್ರಮಾಣ ಶೇಕಡಾ 16ರ ಆಸುಪಾಸಿಗೆ ಇಳಿದಾಗಲೇ ಆರಿಹೋಗುತ್ತದೆ. ಅಲ್ಲದೆ ಖರ್ಚಾದ ಆಮ್ಲಜನಕದ ಜಾಗದಲ್ಲಿ ಇಂಗಾಲದ ಡೈಆಕ್ಸೈಡ್ ಬಂದು ಕೂರುತ್ತದೆ, ಅದೇನೂ ಕ್ಷಣಮಾತ್ರದಲ್ಲಿ ನೀರಿನಲ್ಲಿ ಕರಗಿಬಿಡುವುದಿಲ್ಲ.

ಹಾಗಾದರೆ ನೀರು ಏರುವುದೇಕೆ? ಬತ್ತಿಯ ಮೇಲೆ ಲೋಟ ಕವುಚುವಾಗಲೇ ಒಳಗಿನ ಗಾಳಿ ಕಾದು ಹಿಗ್ಗಿ ಒಂದಿಷ್ಟು ಹೊರಗೆ ಹೋಗಿರುತ್ತದೆ. ಕವುಚಿದ ಕೂಡಲೇ ಅಂಚನ್ನು ಗಮನಿಸಿದರೆ ನೀರಿನಲ್ಲಿ ಗುಳ್ಳೆಗಳು ಬರುವುದು ಕಾಣುತ್ತದೆ. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಉರಿದಾಗ ಹುಟ್ಟಿದ ನೀರಾವಿಯೂ ಹನಿಗಟ್ಟುತ್ತದೆ; ಆ ಖಾಲಿಗೆ ಹೊರಗಿನ ಒತ್ತಡ ನೀರನ್ನು ನೂಕುತ್ತದೆ. ಎರಡು ಬತ್ತಿ ಇಟ್ಟರೆ ಶಾಖ ಹೆಚ್ಚು, ಹೊರಗೆ ಹೋಗುವ ಗಾಳಿ ಹೆಚ್ಚು, ಆದ್ದರಿಂದ ನೀರೂ ಹೆಚ್ಚು ಏರುತ್ತದೆ. ಮಕ್ಕಳಿಗೆ ಒಂದೇ ಪ್ರಶ್ನೆ ಕೇಳಿ: ನೀರು ಏರುವುದು ಬತ್ತಿ ಉರಿಯುತ್ತಿರುವಾಗಲೋ, ಆರಿದ ಮೇಲೋ? ಆಮ್ಲಜನಕದ ಖರ್ಚೇ ಕಾರಣವಾಗಿದ್ದರೆ ಉರಿಯುತ್ತಿರುವಷ್ಟು ಹೊತ್ತೂ ನೀರು ನಿಧಾನವಾಗಿ ಏರಬೇಕಿತ್ತು. ಆದರೆ ಅದು ಸರ್ರನೆ ಏರುವುದು ಜ್ವಾಲೆ ಆರಿದ ಮೇಲೆ. ಇದನ್ನು ಕಣ್ಣಿಂದ ಕಂಡ ಮಗುವಿಗೆ ನಾವು ಬೇರೆ ವಿವರಣೆ ಕೊಡಬೇಕಾಗಿಲ್ಲ.

ಐದನೆಯ ಒಂದು ಭಾಗವನ್ನು ನಿಜವಾಗಿ ತೋರಿಸಬೇಕಿದ್ದರೆ ತುಕ್ಕಿನ ಮೊರೆ ಹೋಗಿ. ಒದ್ದೆ ಸ್ಟೀಲ್ ವೂಲನ್ನು (ಕಬ್ಬಿಣದ ನಯವಾದ ಎಳೆಗಳ ಉಂಡೆ) ಉದ್ದನೆಯ ಗಾಜಿನ ಜಾಡಿಯ ತಳದಲ್ಲಿ ಸಿಕ್ಕಿಸಿ, ಜಾಡಿಯನ್ನು ನೀರಿನ ತಟ್ಟೆಯಲ್ಲಿ ಕವುಚಿಟ್ಟು ನಾಲ್ಕೈದು ದಿನ ಬಿಡಿ. ಕಬ್ಬಿಣ ಆಮ್ಲಜನಕವನ್ನು ಸದ್ದಿಲ್ಲದೆ ತಿಂದು ಘನರೂಪದ ತುಕ್ಕಾಗುತ್ತದೆ, ಬದಲಿಗೆ ಯಾವ ಅನಿಲವನ್ನೂ ಬಿಡುವುದಿಲ್ಲ, ಬಿಸಿಯ ತಕರಾರೂ ಇಲ್ಲ. ಕಪಾಟಿನಲ್ಲಿ ಅಳತೆ ಜಾಡಿಗಳಿವೆ ಎಂದಿದ್ದೀರಿ, ಅವು ಇದಕ್ಕೆ ಹೇಳಿಮಾಡಿಸಿದಂತಿವೆ. ಮಳೆ ರಜೆ ಸಾರಿದರೂ ತುಕ್ಕಿಗೆ ರಜೆಯಿಲ್ಲ.

ಸುರತ್ಕಲ್ ಗ್ರಿಲ್ ವರ್ಕ್ಸ್ · ಜೂನ್ 17

ನಾನು ಶಿಕ್ಷಕನಲ್ಲ, ಹತ್ತನೆಯ ತರಗತಿಯ ಹುಡುಗಿಯೊಬ್ಬಳ ಅಪ್ಪ. ಕಬ್ಬಿಣದ ಗ್ರಿಲ್ ಮಾಡುವವನು. ಮೇಲಿನವರು ಹೇಳಿದ್ದಕ್ಕೆ ಒಂದು ಎಚ್ಚರಿಕೆಯ ಮಾತು ಸೇರಿಸುತ್ತೇನೆ. ಅಂಗಡಿಯಲ್ಲಿ ಪಾತ್ರೆ ತಿಕ್ಕುವುದಕ್ಕೆಂದು ಸಿಗುವ ಸುರುಳಿ ಸುರುಳಿ ಸ್ಟೀಲ್ ಸ್ಕ್ರಬ್ಬರ್ ಸಾಮಾನ್ಯವಾಗಿ ಸ್ಟೇನ್‌ಲೆಸ್. ಅದರಲ್ಲಿರುವ ಕ್ರೋಮಿಯಂನಿಂದ ಅದು ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ, ನೀವು ಒಂದು ತಿಂಗಳು ಕಾದರೂ ನೀರು ಏರದು. ಅಯಸ್ಕಾಂತ ಹಿಡಿದು ನೋಡುತ್ತೇನೆಂದರೆ ಅದೂ ನಂಬಬಹುದಾದ ಪರೀಕ್ಷೆಯಲ್ಲ, ಸ್ಟೇನ್‌ಲೆಸ್‌ನ ಕೆಲವು ಜಾತಿಗಳಿಗೂ ಅಯಸ್ಕಾಂತ ಅಂಟುತ್ತದೆ. ಒಂದು ಚೂರನ್ನು ರಾತ್ರಿ ಉಪ್ಪು ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಕೆಂಪಾಗಿದ್ದರೆ ಮಾತ್ರ ಉಪಯೋಗಿಸಿ. ಪೇಂಟು, ಪಾಲಿಶ್ ಸಾಮಾನಿನ ಹಾರ್ಡ್‌ವೇರ್ ಅಂಗಡಿಯಲ್ಲಿ ನಯವಾದ ಸ್ಟೀಲ್ ವೂಲ್ ಕೇಳಿ ಪಡೆಯಿರಿ. ಸಿಗದಿದ್ದರೆ ಯಾವ ಲೇತ್ ವರ್ಕ್‌ಶಾಪಿನಲ್ಲೂ ಕಬ್ಬಿಣದ ಸುರುಳಿ ಚೂರುಗಳನ್ನು ಸುಮ್ಮನೆ ಕೊಡುತ್ತಾರೆ. ಅದರಲ್ಲಿ ಎಣ್ಣೆ ಇರುತ್ತದೆ, ಸೋಪಿನಲ್ಲಿ ತೊಳೆದು ವಿನೆಗರ್‌ನಲ್ಲಿ ಅದ್ದಿ ತೆಗೆಯಬೇಕು. ಚೂರುಗಳು ಬ್ಲೇಡಿನಂತೆ ಕೊಯ್ಯುತ್ತವೆ, ಮಕ್ಕಳ ಕೈಗೆ ಕೊಡಬೇಡಿ.

ಮಂಗಳೂರು ಸಹೋದ್ಯೋಗಿ · ಜೂನ್ 18

ಉತ್ಸಾಹಕ್ಕೆ ತಣ್ಣೀರೆರಚುವ ಉದ್ದೇಶ ನನಗಿಲ್ಲ, ಆದರೆ ಯಾರೂ ಹೇಳದ ಮಾತೊಂದನ್ನು ಹೇಳಲೇಬೇಕು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಫಲಿತಾಂಶ ಕುಸಿದರೆ ಕೇಳುವುದು ನಮ್ಮನ್ನೇ. ಐದು ದಿನ ತುಕ್ಕಿಗೆ ಕಾಯುವ ಬದಲು ಮೂರು ನಿಮಿಷದ ವಿಡಿಯೋ ತೋರಿಸಿ ಉಳಿದ ಹೊತ್ತಿನಲ್ಲಿ ಪ್ರಶ್ನೆಪತ್ರಿಕೆ ಬಿಡಿಸುವುದರಲ್ಲಿ ತಪ್ಪೇನಿದೆ? ವರ್ಷಕ್ಕೊಮ್ಮೆ ಪಿಲಿಕುಳದ ವಿಜ್ಞಾನ ಕೇಂದ್ರಕ್ಕೂ 2018ರಲ್ಲಿ ತೆರೆದ ತಾರಾಲಯಕ್ಕೂ ಕರೆದೊಯ್ಯುತ್ತೇವೆ, ವಿಜ್ಞಾನ ದಿನವೆಂದು ಫೆಬ್ರವರಿ 28ಕ್ಕೆ ವಸ್ತುಪ್ರದರ್ಶನ ಮಾಡಿಸುತ್ತೇವೆ.

ಕಾರ್ಕಳದ ನಿವೃತ್ತ ಮಾಷ್ಟ್ರು · ಜೂನ್ 18

ಪಿಲಿಕುಳಕ್ಕೆ ಖಂಡಿತ ಕರೆದೊಯ್ಯಿರಿ. ವಸ್ತುಪ್ರದರ್ಶನದ ವಿಷಯ ಮಾತ್ರ ಬೇಡ. ತೀರ್ಪುಗಾರನಾಗಿ ಹೋದ ಒಂದು ಕಡೆ ಮೂರು ಮೇಜುಗಳ ಮೇಲೆ ಒಂದೇ ಅಂಗಡಿಯಿಂದ ತಂದ ಒಂದೇ ಥರದ ಥರ್ಮಾಕೋಲ್ ಜ್ವಾಲಾಮುಖಿ ನೋಡಿದವನು ನಾನು. ಸೋಡಾ ಬದಲು ಉಪ್ಪು ಹಾಕಿದರೆ ನೊರೆ ಬರುತ್ತದೆಯೇ ಎಂದು ಕೇಳಿದ್ದಕ್ಕೆ ಮೂವರೂ ತಮ್ಮ ಟೀಚರ್ ಮುಖ ನೋಡಿದರು.

ವಿಡಿಯೋದ ತೊಂದರೆಯೆಂದರೆ ಅದರಲ್ಲಿ ಪ್ರಯೋಗ ಯಾವಾಗಲೂ ಗೆಲ್ಲುತ್ತದೆ. ಎರಡು ಬತ್ತಿ ಇಟ್ಟು ನೋಡುತ್ತೇನೆಂದು ಅದರೊಳಗೆ ಯಾರೂ ಕೈ ಹಾಕುವಂತಿಲ್ಲ. ಎಲ್ಲ ಪಾಠಕ್ಕೂ ಪ್ರಯೋಗ ಬೇಕೆಂದು ನಾನು ಹೇಳುವುದಿಲ್ಲ, ತಿಂಗಳಿಗೆ ಎರಡು ಸಾಕು. ಆದರೆ ಶುರು ಮಾಡುವ ಮೊದಲು ಏನಾಗುತ್ತದೆಂದು ಪ್ರತಿ ಮಗುವೂ ಒಂದು ಸಾಲು ಬರೆದು ಹೆಸರು ಹಾಕಿ ಕೊಡಬೇಕು. ಲೋಲಕಕ್ಕೆ ಸಣ್ಣ ಕಲ್ಲಿನ ಬದಲು ದೊಡ್ಡ ಕಲ್ಲು ಕಟ್ಟಿದರೆ ಬೇಗ ತೂಗುತ್ತದೆಂದು ತರಗತಿಯ ಮುಕ್ಕಾಲು ಪಾಲು ಬರೆಯುತ್ತದೆ. ಒಂದು ಮೀಟರ್ ದಾರಕ್ಕೆ ಯಾವ ಕಲ್ಲು ಕಟ್ಟಿದರೂ ಹತ್ತು ತೂಗಾಟಕ್ಕೆ 20 ಸೆಕೆಂಡು. ದಾರವನ್ನು 25 ಸೆಂ.ಮೀ.ಗೆ ಇಳಿಸಿದರೆ ಹತ್ತು ಸೆಕೆಂಡು. ತಾನೇ ಬರೆದುಕೊಟ್ಟ ಚೀಟಿ ತನ್ನ ಕಣ್ಣೆದುರೇ ತಪ್ಪಾದ ಮಗು ಆ ಪಾಠವನ್ನು ಪರೀಕ್ಷೆಯಲ್ಲಿ ಮರೆತು ಬರುವುದಿಲ್ಲ. ದೊಡ್ಡ ಕಲ್ಲು ಕಟ್ಟುವಾಗ ದಾರದ ಉದ್ದವನ್ನು ಕಲ್ಲಿನ ನಡುವಿನವರೆಗೆ ಅಳೆಯಬೇಕು, ಇಲ್ಲವಾದರೆ ಲೆಕ್ಕ ತಪ್ಪುತ್ತದೆ. ನನ್ನದು ಮೊದಲ ವರ್ಷ ತಪ್ಪಿತ್ತು.

ಇದೇನೂ ಹೊಸ ಮಾತಲ್ಲ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಹಳ್ಳಿಯ ಮಕ್ಕಳು ಕೈಯಾರೆ ಪ್ರಯೋಗ ಮಾಡಿಯೇ ವಿಜ್ಞಾನ ಕಲಿಯುವ ಕ್ರಮ ಆರಂಭವಾಗಿ, 2002ರಲ್ಲಿ ಸರ್ಕಾರ ನಿಲ್ಲಿಸುವವರೆಗೆ ನಡೆದಿತ್ತು.

46 ಮಕ್ಕಳ ಬಗ್ಗೆ ಹೇಳುವುದಾದರೆ ಆರಾರು ಜನರ ಗುಂಪು ಮಾಡಿ. ಒಬ್ಬ ಅಳೆಯಲಿ, ಒಬ್ಬ ಗಡಿಯಾರ ನೋಡಲಿ, ಒಬ್ಬಳು ಬರೆಯಲಿ. ಪ್ರತಿ ಸಲವೂ ಕೆಲಸ ಬದಲಾಗಲಿ. ಹಾಗೆ ಮಾಡದಿದ್ದರೆ ಒಬ್ಬ ಜೋರಿನ ಹುಡುಗ ಎಲ್ಲ ಮಾಡುತ್ತಾನೆ, ಹುಡುಗಿಯರು ವರ್ಷವಿಡೀ ಅವನ ಗುಮಾಸ್ತರಾಗಿರುತ್ತಾರೆ.

ಪುತ್ತೂರಿನ ವಿಜ್ಞಾನ ಶಿಕ್ಷಕಿ · ಜೂನ್ 19

ಆಮ್ಲ–ಪ್ರತ್ಯಾಮ್ಲಗಳಿಗೆ ಲಿಟ್ಮಸ್ ಇಲ್ಲವೆಂದು ಯಾರೂ ಕೊರಗಬೇಕಾಗಿಲ್ಲ. ದಾಸವಾಳದ ಕೆಂಪು ಎಸಳನ್ನು ಬಿಳಿ ಕಾಗದಕ್ಕೆ ಉಜ್ಜಿ ಒಣಗಿಸಿದರೆ ಆಮ್ಲಕ್ಕೆ ಗಾಢ ಗುಲಾಬಿ, ಪ್ರತ್ಯಾಮ್ಲಕ್ಕೆ ಹಸಿರು. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದನ್ನು ಆರತಿ ನೀರಿನಲ್ಲಿ ನೋಡದ ಮಗು ನಮ್ಮಲ್ಲಿಲ್ಲ. ಆದರೆ ಅದು ರಸಾಯನಶಾಸ್ತ್ರವೆಂದು ಯಾರೂ ಅವರಿಗೆ ಹೇಳಿರುವುದಿಲ್ಲ. ಪುನರ್ಪುಳಿಯೂ (ಕೋಕಂ) ಒಳ್ಳೆಯ ಸೂಚಕ, ಅದರಲ್ಲೊಂದು ಸೂಕ್ಷ್ಮವಿದೆ. ಸಿಪ್ಪೆ ನೆನೆಸಿದ ನೀರು ಸ್ವತಃ ಬಹಳ ಹುಳಿಯಾದ್ದರಿಂದ ಮೊದಲು ಹಾಕಿದ ಅಡುಗೆ ಸೋಡಾವೆಲ್ಲ ಆ ಹುಳಿಯನ್ನು ತಟಸ್ಥಗೊಳಿಸುವುದಕ್ಕೇ ಖರ್ಚಾಗುತ್ತದೆ, ಬುರುಬುರು ನೊರೆ ಬಂದರೂ ಬಣ್ಣ ಬದಲಾಗುವುದಿಲ್ಲ. ಚೆನ್ನಾಗಿ ನೀರು ಬೆರೆಸಿ ತಿಳಿ ಗುಲಾಬಿ ಮಾಡಿಕೊಂಡ ಮೇಲೆ ಸೋಡಾ ಹಾಕಿ. ಅಂಗಡಿಯ ಸಿರಪ್ ಬೇಡ, ಅದರಲ್ಲಿ ಸೇರಿಸಿದ ಬಣ್ಣವಿದ್ದರೆ ಮೋಸ ಹೋಗುತ್ತೀರಿ.

ನನ್ನದೂ ಒಂದು ಬಗೆಹರಿಯದ ಪ್ರಶ್ನೆಯಿದೆ. ಮರುವಾಯಿ ಚಿಪ್ಪಿಗೆ ವಿನೆಗರ್ ಹಾಕಿದರೆ ಗುಳ್ಳೆ ಬರುತ್ತಲೇ ಇರುತ್ತದೆ. ಅದಕ್ಕಿಂತ ಎಷ್ಟೋ ಹುಳಿಯಾದ ಬಿಂಬುಳಿ ರಸ ಹಾಕಿದರೆ ಮೊದಲು ನಾಲ್ಕು ಗುಳ್ಳೆ ಬಂದು ನಿಂತುಬಿಡುತ್ತದೆ. ಹುಳಿ ಹೆಚ್ಚಿದ್ದರೆ ಗುಳ್ಳೆಯೂ ಹೆಚ್ಚು ಬರಬೇಕಲ್ಲವೇ?

ಮಂಗಳೂರಿನ ಪಿಯು ಉಪನ್ಯಾಸಕ · ಜೂನ್ 19

ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಹೇರಳವಾಗಿದೆ. ಚಿಪ್ಪಿನ ಕ್ಯಾಲ್ಸಿಯಂ ಜೊತೆ ಅದು ಸೇರಿದಾಗ ಕ್ಯಾಲ್ಸಿಯಂ ಆಕ್ಸಲೇಟ್ ಆಗುತ್ತದೆ. ಅದು ನೀರಿನಲ್ಲಿ ಕರಗದ ವಸ್ತು, ಚಿಪ್ಪಿನ ಮೇಲೆಯೇ ಪದರವಾಗಿ ಕೂತು ಒಳಗಿನ ಚಿಪ್ಪಿಗೆ ಆಮ್ಲ ತಲುಪದಂತೆ ತಡೆಯುತ್ತದೆ. ಅಮೃತಶಿಲೆಗೆ ಸಲ್ಫ್ಯೂರಿಕ್ ಆಮ್ಲ ಹಾಕಿ ಇಂಗಾಲದ ಡೈಆಕ್ಸೈಡ್ ತಯಾರಿಸಬಾರದು ಎಂದು ನಾವು ಬಾಯಿಪಾಠ ಮಾಡಿದ ಕಾರಣವೂ ಇದೇ ಜಾತಿಯದು, ಅಲ್ಲಿ ಪದರವಾಗುವುದು ಕ್ಯಾಲ್ಸಿಯಂ ಸಲ್ಫೇಟ್. ಅದೇ ಗುಳ್ಳೆಯನ್ನು ಸುಣ್ಣದ ತಿಳಿಗೆ ಹಾಯಿಸುವುದಾದರೆ ವೀಳ್ಯದ ಸುಣ್ಣವನ್ನು ರಾತ್ರಿ ನೀರಿನಲ್ಲಿ ಕದಡಿಟ್ಟು ಮೇಲಿನ ತಿಳಿ ಬಸಿದುಕೊಳ್ಳಿ. ಸುಣ್ಣ ಮಾಡಲೆಂದು ಸುಟ್ಟ ಚಿಪ್ಪಿಗೆ ನೀರು ಹಾಕುವ ಕೆಲಸವನ್ನು ಶಾಲೆಯಲ್ಲಿ ಮಾಡಬೇಡಿ, ಅದು ಕುದಿದು ಸಿಡಿದರೆ ಕಣ್ಣಿಗೇ ಅಪಾಯ.

ಮಲ್ಪೆಯ ಮಕ್ಕಳಿಗೆ ಸಾಂದ್ರತೆಯ ಪಾಠವನ್ನು ಕಡಲ ನೀರಿನಿಂದಲೇ ಮಾಡಿ. ಸ್ಟ್ರಾದ ತುದಿಗೆ ಮಣ್ಣು ಮೆತ್ತಿ ತೇಲಿಸುವ ಕ್ರಮ ಇಲ್ಲಿ ಸೋಲುತ್ತದೆ, ಏಕೆಂದರೆ ಸಮುದ್ರದ ನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟೇ ಸಾಂದ್ರ, ಹತ್ತು ಸೆಂ.ಮೀ. ಮುಳುಗಿದ ಸ್ಟ್ರಾ ಅದರಲ್ಲಿ ಮೇಲೇಳುವುದು ಎರಡೂವರೆ ಮಿ.ಮೀ. ಮಾತ್ರ. ಅದರ ಬದಲು 50 ಮಿ.ಲೀ.ನ ಔಷಧಿ ಸೀಸೆಗೆ ಮರಳು ತುಂಬಿ, ಮುಚ್ಚಳಕ್ಕೆ ತೂತು ಕೊರೆದು ತೆಳು ಸ್ಟ್ರಾ ಸಿಕ್ಕಿಸಿ ಮೇಣದಿಂದ ಭದ್ರಪಡಿಸಿ, ಸಿಹಿನೀರಿನಲ್ಲಿ ಸ್ಟ್ರಾದ ತುದಿ ಮಾತ್ರ ಮೇಲೆ ಕಾಣುವಷ್ಟು ಮರಳನ್ನು ಹೊಂದಿಸಿಕೊಳ್ಳಿ. ಐದು ಮಿ.ಮೀ. ವ್ಯಾಸದ ಸ್ಟ್ರಾ ಆದರೆ ಸಮುದ್ರದ ನೀರಿನಲ್ಲಿ ಅದು ಆರು ಸೆಂ.ಮೀ. ಮೇಲೇಳುತ್ತದೆ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿಗೆ ದಪ್ಪ ಹೊಟ್ಟೆ, ಸಪುರ ಕುತ್ತಿಗೆ ಏಕೆಂದು ಆಮೇಲೆ ಯಾರೂ ಕೇಳುವುದಿಲ್ಲ. ಜೂನ್–ಜುಲೈಯಲ್ಲಿ ಮಾತ್ರ ಮಕ್ಕಳನ್ನು ನೀರು ತರಲು ಕಡಲಿಗೆ ಕಳಿಸಬೇಡಿ. ಮೀನುಗಾರಿಕೆಗೆ 61 ದಿನ ನಿಷೇಧವಿರುವ ಕಾಲ, ದೋಣಿಯವರೇ ಇಳಿಯದ ನೀರದು. ಅಳಿವೆಯ ಹತ್ತಿರ ಹೊಳೆ ನೀರು ಬೆರೆತು ಲೆಕ್ಕವೂ ಕೆಡುತ್ತದೆ. ಸದ್ಯಕ್ಕೆ ಒಂದು ಲೀಟರಿಗೆ 35 ಗ್ರಾಂ ಉಪ್ಪು ಕರಗಿಸಿದರೆ ಸಾಕು.

ಮಲ್ಪೆ ಟೀಚರ್ · ಜುಲೈ 9

ವರದಿ ತಡವಾಯಿತು, ಕ್ಷಮಿಸಿ. ನಡುವೆ ಮಳೆ ರಜೆಗಳಿದ್ದವು. ಐದು ಅಳತೆ ಜಾಡಿಗಳನ್ನು ಐದು ಗುಂಪುಗಳಿಗೆ ಕೊಟ್ಟೆ. ಉಳಿದ ಮಕ್ಕಳು ಪ್ರತಿ ಗುಂಪಿಗೂ ಪರೀಕ್ಷಕರು. ನಾಲ್ಕು ಜಾಡಿಗೆ ನಯವಾದ ಸ್ಟೀಲ್ ವೂಲ್. ಗ್ರಿಲ್ ಕೆಲಸದವರ ಮಾತನ್ನು ಪರೀಕ್ಷಿಸಲೆಂದೇ ಐದನೆಯದಕ್ಕೆ ಪಾತ್ರೆ ತಿಕ್ಕುವ ಸ್ಕ್ರಬ್ಬರ್. ಮೊದಲೇ ಚೀಟಿ ಬರೆಸಿದ್ದೆ: ನೀರು ಏರುವುದೇ ಇಲ್ಲ ಎಂದವರು 19 ಮಂದಿ, ಜಾಡಿ ಪೂರ್ತಿ ತುಂಬುತ್ತದೆ ಎಂದವರು ಏಳು ಮಂದಿ.

ಆರನೆಯ ದಿನ 24 ಸೆಂ.ಮೀ. ಗಾಳಿಯಿದ್ದ ಜಾಡಿಯಲ್ಲಿ ನೀರು 4.7 ಸೆಂ.ಮೀ. ಏರಿತ್ತು, ಇನ್ನೆರಡರಲ್ಲಿ 4.5 ಮತ್ತು 4.6. ಒಂದನ್ನು ಯಾರೋ ಗುಡಿಸುವಾಗ ಕೆಡವಿದ್ದರು. ಸ್ಕ್ರಬ್ಬರ್ ಇದ್ದ ಜಾಡಿಯಲ್ಲಿ ನೀರು ಹಾಕಿದಲ್ಲಿಯೇ ಇತ್ತು, ಆ ಗುಂಪಿನವರು ಬೇಸರದಿಂದ ಅದನ್ನು ತೊಳೆದಿಡಲು ಹೊರಟಿದ್ದರು.

ಅಷ್ಟರಲ್ಲಿ ಬರೆಯುವ ಸರದಿಯಲ್ಲಿದ್ದ ಹುಡುಗಿಯೊಬ್ಬಳು ತಡೆದಳು. ನಾನು ಹೇಳಿದ್ದು ಬೆಳಿಗ್ಗೆ ಮಾತ್ರ ಅಳೆಯಲು, ಅವಳು ಮಧ್ಯಾಹ್ನ ಊಟದ ಹೊತ್ತಿಗೂ ಅಳೆದಿದ್ದಳು. ಹಿಂದಿನ ದಿನ ಮಳೆ ಬಿಟ್ಟು ಬಿಸಿಲು ಬಿದ್ದಾಗ ಅವಳ ಜಾಡಿಯ ನೀರು 3 ಮಿ.ಮೀ. ಕೆಳಗಿಳಿದಿತ್ತು, ಮರುದಿನ ಬೆಳಿಗ್ಗೆ ಮತ್ತೆ ಮೊದಲಿನ ಗೆರೆಗೆ ಬಂದಿತ್ತು. ತುಕ್ಕು ಆಮ್ಲಜನಕವನ್ನು ವಾಪಸು ಕೊಟ್ಟಿತೇ ಎಂಬುದು ಅವಳ ಅನುಮಾನ. ತುಕ್ಕೇ ಇಲ್ಲದ ಸ್ಕ್ರಬ್ಬರ್ ಜಾಡಿಯಲ್ಲೂ ಮಧ್ಯಾಹ್ನ ನೀರು ಇಳಿಯುತ್ತದೆಯೇ ಎಂದು ನೋಡಬೇಕೆಂದಳು. ಅಂದು ಮಧ್ಯಾಹ್ನ ನೋಡಿದೆವು, ಅಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ಒದ್ದೆ ಬಟ್ಟೆಯನ್ನು ಜಾಡಿಗೆ ಸುತ್ತಿದೆವು. ಎಲ್ಲರೂ ನೋಡುತ್ತಿದ್ದಂತೆ ನೀರು ಮೆಲ್ಲನೆ ಮೇಲೆ ಬಂತು.

ಹಿಂದಿನ ಬೆಂಚಿನವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಕ್ಯಾಂಡಲ್‌ದೂ ಇದೇ ಅಲ್ವಾ ಟೀಚರ್?” ಎಂದ. ನಾನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಎರಡು ಬತ್ತಿ, ಒಂದು ಲೋಟ, ತಟ್ಟೆಯಲ್ಲಿ ನೀರು ಕೊಟ್ಟು, ಲೋಟದ ಅಂಚನ್ನು ನೋಡುತ್ತಿರು ಎಂದೆ. ಒಂದು ಬತ್ತಿಗೆ ನಾಲ್ಕು ಗುಳ್ಳೆ, ಎರಡಕ್ಕೆ ಒಂಬತ್ತು ಎಂದು ಅವನ ಪುಸ್ತಕದಲ್ಲಿದೆ. ಮೂರು ಬತ್ತಿಗೆ ಲೋಟ ಸಾಲದೆಂದು ನಾಳೆ ಮನೆಯಿಂದ ಉಪ್ಪಿನಕಾಯಿ ಭರಣಿ ತರುತ್ತಾನಂತೆ. ಗಾಜಿನದ್ದನ್ನೇ ತಾ ಎಂದು ಹೇಳಿದ್ದೇನೆ.